ಮಗು ಚಿಕ್ಕದು ಅಂತ ಕೆಲಸ ತಪ್ಪಿತು ಅನ್ನಿಸುತ್ತಿದೆ, ಇದಕ್ಕೆ ಏನಾದರೂ ದಾರಿ ಇದೆಯಾ?

ಲೆಕ್ಕದಪುಸ್ತಕ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಓದಿ ಹೇಳಿ.

ನಾನು ಬಿ.ಕಾಂ. ಓದಿ ಬೆಂಗಳೂರಿನಲ್ಲಿ ಅಕೌಂಟ್ಸ್ ಕೆಲಸ ಮಾಡುತ್ತಿದ್ದವಳು. ಟ್ಯಾಲಿ, ಜಿಎಸ್‌ಟಿ ರಿಟರ್ನ್, ಟಿಡಿಎಸ್, ಬ್ಯಾಂಕ್ ಲೆಕ್ಕ ತಾಳೆ ನೋಡುವುದು, ಆಡಿಟರ್ ಬಂದಾಗ ಕಾಗದ ಜೋಡಿಸಿ ಕೊಡುವುದು, ಎಲ್ಲ ನನ್ನದೇ ಜವಾಬ್ದಾರಿ ಇತ್ತು. ಮಗಳು ಹುಟ್ಟಿದ ಮೇಲೆ ಬಿಟ್ಟೆ. ಅವಳಿಗೆ ಈಗ ಎರಡೂವರೆ ವರ್ಷ. ಅತ್ತೆ ನಮ್ಮ ಜೊತೆಗೇ ಇದ್ದಾರೆ, ಪಕ್ಕದ ಬೀದಿಯಲ್ಲಿ ಒಂದು ಡೇ ಕೇರ್ ಕೂಡ ನೋಡಿಟ್ಟಿದ್ದೇವೆ. ಮನೆಯಲ್ಲಿ ಎಲ್ಲರೂ ಕೂತು ಮಾತಾಡಿಕೊಂಡೇ ಮತ್ತೆ ಕೆಲಸ ಹುಡುಕಲು ಹೊರಟಿದ್ದು.

ಹೋದ ತಿಂಗಳು ಒಂದು ಕಂಪನಿಯಲ್ಲಿ ಸಂದರ್ಶನ ಇತ್ತು. ಮೊದಲ ಸುತ್ತಿನಲ್ಲಿ ಅವರ ಫೈನಾನ್ಸ್ ಮ್ಯಾನೇಜರ್ ಒಂದು ಎಕ್ಸೆಲ್ ಶೀಟ್ ಕೊಟ್ಟು, ಖರೀದಿ ಪುಸ್ತಕಕ್ಕೂ ಜಿಎಸ್‌ಟಿಆರ್-2ಬಿಗೂ (ಮಾರಿದವರು ತೋರಿಸಿದ ಬಿಲ್‌ಗಳಿಂದ ಜಿಎಸ್‌ಟಿ ಪೋರ್ಟಲ್ ಮಾಡಿಕೊಡುವ ಪಟ್ಟಿ) ತಾಳೆ ಆಗದ ಬಿಲ್‌ಗಳನ್ನು ಹುಡುಕಲು ಹೇಳಿದರು. ಹುಡುಕಿಕೊಟ್ಟೆ. ಖರೀದಿ ಪುಸ್ತಕದಲ್ಲಿ ಒಂದು ಬಿಲ್‌ಗೆ ಸರಬರಾಜು ಮಾಡಿದವರ ಜಿಎಸ್‌ಟಿ ನಂಬರಿನ ಎರಡು ಅಂಕಿ ಹಿಂದುಮುಂದಾಗಿತ್ತು, ಅದಕ್ಕೇ ಅದು 2ಬಿ ಜೊತೆ ತಾಳೆ ಆಗಿರಲಿಲ್ಲ. ಅದನ್ನು ತೋರಿಸಿದಾಗ ಅವರು ಖುಷಿಯಾಗಿ "ಇದನ್ನ ನಮ್ಮವರೇ ನೋಡಿರಲಿಲ್ಲ" ಅಂದರು. ಸಂಬಳ ಎಷ್ಟು ನಿರೀಕ್ಷೆ, ಯಾವಾಗ ಸೇರಬಹುದು ಅಂತ ಕೂಡ ಅವರೇ ಕೇಳಿದರು.

ಆಮೇಲೆ ಎಚ್‌ಆರ್ ಸುತ್ತು. ಮದುವೆ ಆಗಿದೆಯಾ, ಮಕ್ಕಳೆಷ್ಟು, ವಯಸ್ಸೆಷ್ಟು, ಮಗುಗೆ ಜ್ವರ ಬಂದರೆ ಯಾರು ರಜೆ ಹಾಕುತ್ತಾರೆ, ಇನ್ನೊಂದು ಮಗು ಯೋಚನೆ ಇದೆಯಾ, ತಿಂಗಳ ಕೊನೆಗೆ ಮನೆಗೆ ಹೊರಡಲು ರಾತ್ರಿ ಎಂಟು ಗಂಟೆಯಾಗುತ್ತದೆ ನಿಮ್ಮ ಯಜಮಾನರು ಒಪ್ಪುತ್ತಾರಾ. ಕೆಲಸದ ಬಗ್ಗೆ ಒಂದೇ ಒಂದು ಪ್ರಶ್ನೆ ಇಲ್ಲ. ಎಲ್ಲಕ್ಕೂ ಸಮಾಧಾನವಾಗಿಯೇ ಉತ್ತರ ಕೊಟ್ಟೆ. ಕೊನೆಗೆ "ಇಷ್ಟು ಚಿಕ್ಕ ಮಗು ಬಿಟ್ಟು ಬರೋದು ಕಷ್ಟ ಅಲ್ವಾ ನಿಮಗೆ" ಅಂದರು. ಅಲ್ಲಿಗೆ ಮುಗಿಯಿತು ಅಂತ ಆಗಲೇ ಅನ್ನಿಸಿತು. ವಾರ ಕಳೆದ ಮೇಲೆ, ಹುದ್ದೆಯನ್ನು ಸದ್ಯಕ್ಕೆ ತಡೆಹಿಡಿದಿದ್ದೇವೆ ಅಂತ ಮೇಲ್ ಬಂತು. ಅದೇ ಹುದ್ದೆಯ ಜಾಹೀರಾತು ಜಾಬ್ ಪೋರ್ಟಲ್‌ನಲ್ಲಿ ಇವತ್ತಿಗೂ ಇದೆ.

ನನ್ನ ಗಂಡನೂ ಇತ್ತೀಚೆಗೆ ಕೆಲಸ ಬದಲಾಯಿಸಿದರು. ಅದೇ ಮಗುವಿನ ಅಪ್ಪ. ಅವರನ್ನು ಒಬ್ಬರೂ ಮಗು ಬಗ್ಗೆ ಕೇಳಲಿಲ್ಲ.

ಇದು ತಾರತಮ್ಯ ಅಲ್ವಾ? ಇದನ್ನು ತಡೆಯುವ ಕಾನೂನು ಇದೆಯಾ, ಇದ್ದರೆ ಯಾರ ಹತ್ತಿರ ಹೋಗಬೇಕು? ಇನ್ನೊಂದು, ಮುಂದಿನ ಸಂದರ್ಶನದಲ್ಲಿ ಮಗು ವಿಷಯ ಮುಚ್ಚಿಡಬೇಕಾ? ಚಿಕ್ಕಮ್ಮ ಅಂತೂ ಕಾಲುಂಗುರ ತೆಗೆದಿಟ್ಟು ಹೋಗು, ಮಗು ಇದೆ ಅಂತ ಬಾಯಿ ಬಿಡಬೇಡ ಅನ್ನುತ್ತಾರೆ. ನನಗೆ ಅದು ಮನಸ್ಸಿಗೆ ಒಪ್ಪುತ್ತಿಲ್ಲ.


ನೇಮಕಾತಿಡೆಸ್ಕ್:

ಮೇಡಂ, ನಾನು ಬೇರೆ ಬೇರೆ ಕಂಪನಿಗಳಿಗೆ ಅಭ್ಯರ್ಥಿಗಳನ್ನು ಹುಡುಕಿಕೊಡುವ ಏಜೆನ್ಸಿಯಲ್ಲಿದ್ದೇನೆ. ನಿಮ್ಮ ಅನುಮಾನ ಸರಿ ಇರುವ ಸಾಧ್ಯತೆಯೇ ಜಾಸ್ತಿ.

ಇದು ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ. ಯಾರೂ ಬರೆದು ಕೊಡುವುದಿಲ್ಲ. ಜಾಹೀರಾತಿನಲ್ಲಿ ಎಲ್ಲರಿಗೂ ಸಮಾನ ಅವಕಾಶ ಅಂತಲೇ ಇರುತ್ತದೆ. ಆಮೇಲೆ ಫೋನ್ ಬರುತ್ತದೆ, "ಸ್ವಲ್ಪ ಸ್ಟೇಬಲ್ ಆಗಿರೋರು ಬೇಕು", "ಟೈಮ್ ಬಗ್ಗೆ ತಕರಾರು ಇಲ್ಲದೋರು ನೋಡಿ" ಅಂತ. ಅಷ್ಟು ಹೇಳಿದರೆ ಸಾಕು, ಈ ಕಡೆ ಕೂತವರಿಗೆ ಯಾರನ್ನು ಕಳಿಸಬಾರದು ಅಂತ ಗೊತ್ತಾಗುತ್ತದೆ. ಮೂವತ್ತರ ಆಸುಪಾಸಿನ, ಹೊಸದಾಗಿ ಮದುವೆಯಾದ ಅಥವಾ ಒಂದು ಚಿಕ್ಕ ಮಗು ಇರುವ ಹೆಂಗಸಿನ ಅರ್ಜಿ ಅಲ್ಲೇ ಪಕ್ಕಕ್ಕೆ ಹೋಗುತ್ತದೆ. ಒಂದು ಮಗು ಇದೆ ಅಂದರೆ ಎರಡನೆಯದು ಬರುತ್ತದೆ, ಆಗ 26 ವಾರ ಸಂಬಳ ಸಹಿತ ರಜೆ ಕೊಡಬೇಕು. ಇಷ್ಟೇ ಲೆಕ್ಕ. ಕಾರಣ ಮಾತ್ರ "ಬೇರೆಯವರ ಪ್ರೊಫೈಲ್ ಜಾಸ್ತಿ ಹೊಂದಿತು" ಅಂತ.

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ಅಮೆರಿಕದಲ್ಲಿ ಶೆಲ್ಲಿ ಕೊರೆಲ್ ಮತ್ತವರ ಜೊತೆಗಾರರು 2007ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ. ಒಂದೇ ಮಟ್ಟದ ಅರ್ಜಿಗಳು, ಕೆಲವದರಲ್ಲಿ ಮಾತ್ರ ಮಕ್ಕಳ ಶಾಲೆಯ ಪೋಷಕರ ಸಂಘದಲ್ಲಿ ಇದ್ದಾರೆ ಅನ್ನುವ ಒಂದು ಸಾಲು. ನಿಜವಾದ ಕಂಪನಿಗಳಿಗೆ ಕಳಿಸಿದಾಗ, ಆ ಸಾಲು ಇಲ್ಲದ ಹೆಂಗಸರಿಗೆ ತಾಯಂದಿರಿಗಿಂತ ಎರಡು ಪಟ್ಟು ಜಾಸ್ತಿ ಕರೆ ಬಂತು. ಅಪ್ಪಂದಿರಿಗೆ ಆ ಸಾಲಿನಿಂದ ಯಾವ ನಷ್ಟವೂ ಆಗಲಿಲ್ಲ. ನಿಮ್ಮ ಮನೆಯಲ್ಲಿ ನೀವು ನೋಡಿದ್ದೂ ಅದೇ.

ಮುಚ್ಚಿಡುವ ಬಗ್ಗೆ: ಸುಳ್ಳು ಹೇಳಬೇಡಿ. ಆದರೆ ಅವರು ತೆಗೆದ ವಿಷಯಕ್ಕೆ ನೀವು ಅರ್ಧ ಗಂಟೆ ವಿವರಣೆ ಕೊಡಬೇಕಿಲ್ಲ. ಅತ್ತೆ ಇದ್ದಾರೆ, ಡೇ ಕೇರ್ ಇದೆ, ಗಂಡ ಸಹಾಯ ಮಾಡುತ್ತಾರೆ ಅಂತ ಹೇಳುತ್ತಾ ಹೋದಷ್ಟೂ ಅವರು ಇನ್ನೊಂದು ಸಂದೇಹ ಹುಡುಕುತ್ತಾರೆ. "ನನ್ನ ಕೆಲಸದ ಹೊತ್ತಿಗೆ ಮನೆಯಲ್ಲಿ ಎಲ್ಲ ವ್ಯವಸ್ಥೆ ಇದೆ. ತಿಂಗಳ ಕೊನೆಯ ಕ್ಲೋಸಿಂಗ್ ನಿಮ್ಮಲ್ಲಿ ಎಷ್ಟು ದಿನ ಹಿಡಿಯುತ್ತದೆ?" ಅಂತ ಒಂದೇ ಉಸಿರಿಗೆ ಹೇಳಿ ಕೆಲಸದ ಕಡೆ ತಿರುಗಿಸಿ. ಸಿವಿಯಲ್ಲಿ ಖಾಲಿ ಬಿಟ್ಟ ವರ್ಷಗಳಿಗೆ "ಮಗುವಿನ ಆರೈಕೆಗಾಗಿ ವಿರಾಮ, ಈಗ ಪೂರ್ಣಾವಧಿಗೆ ಸಿದ್ಧ" ಅಂತ ಒಂದು ಸಾಲು ಹಾಕಿ, ಅದರ ಕೆಳಗೆ ಈ ನಡುವೆ ಕಲಿತದ್ದು ಏನಾದರೂ ಇದ್ದರೆ ಬರೆಯಿರಿ.

ವಿರಾಮದ ನಂತರ ಬರುವ ಹೆಂಗಸರಿಗಾಗಿಯೇ ಕೆಲವು ದೊಡ್ಡ ಕಂಪನಿಗಳು ಪ್ರತ್ಯೇಕ ನೇಮಕಾತಿ ಮಾಡುತ್ತವೆ. ಟಾಟಾದವರು 2008ರಲ್ಲೇ ಇಂಥದ್ದೊಂದು ಶುರು ಮಾಡಿದ್ದರು. ಅವನ್ನೂ ಹುಡುಕಿ.


ತುಮಕೂರುವರ್ಕ್‌ಶಾಪ್:

ನಾನು ಇನ್ನೊಂದು ಕಡೆಯ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮದು ಮಷೀನ್ ಬಿಡಿಭಾಗ ಮಾಡುವ ಸಣ್ಣ ಘಟಕ. ಹದಿನಾಲ್ಕು ಜನ ಇದ್ದೇವೆ, ಲೆಕ್ಕ ನೋಡುವವರು ಒಬ್ಬರೇ. ಅವರು ಆರು ತಿಂಗಳು ರಜೆ ಹೋದರೆ ಅವರಿಗೂ ಪೂರ್ತಿ ಸಂಬಳ, ಅವರ ಜಾಗಕ್ಕೆ ಬಂದವರಿಗೂ ಸಂಬಳ. ದೊಡ್ಡ ಕಂಪನಿಗೆ ಇದು ಗೊತ್ತೇ ಆಗುವುದಿಲ್ಲ, ನಮಗೆ ಒಂದು ವರ್ಷದ ಲಾಭದಲ್ಲಿ ದೊಡ್ಡ ಪಾಲು ಹೋಗುತ್ತದೆ. ಹೆರಿಗೆ ರಜೆ ಬೇಕು ಅನ್ನುವುದರಲ್ಲಿ ನನಗೆ ಎರಡು ಮಾತಿಲ್ಲ. ನನ್ನ ಮಗಳೂ ಕೆಲಸಕ್ಕೆ ಹೋಗುತ್ತಾಳೆ. ಆದರೆ ಮಗು ಸಮಾಜಕ್ಕೆ ಬೇಕಾದದ್ದು ಅಂತ ಎಲ್ಲರೂ ಹೇಳಿ, ಬಿಲ್ಲನ್ನು ಮಾತ್ರ ಒಬ್ಬ ಮಾಲೀಕನ ಕೈಗೆ ಕೊಟ್ಟರೆ ಅವನು ಮುಂದಿನ ಸಲ ಯಾರನ್ನು ತೆಗೆದುಕೊಳ್ಳುತ್ತಾನೆ ಹೇಳಿ. 2017ರಲ್ಲಿ 12 ವಾರವನ್ನು 26 ಮಾಡಿದಾಗ ಈ ಖರ್ಚು ಯಾರು ಹೊರಬೇಕು ಅಂತ ಸರಿಯಾಗಿ ಯೋಚನೆ ಮಾಡಲಿಲ್ಲ ಅನ್ನುವುದು ನನ್ನ ಅಭಿಪ್ರಾಯ.


ಕರಿಕೋಟು:

ವಕೀಲೆ, ಕಾರ್ಮಿಕ ಕೇಸುಗಳನ್ನು ನಡೆಸುತ್ತೇನೆ. ತುಮಕೂರಿನ ಸರ್ ಹೇಳಿದ್ದರಲ್ಲಿ ಅರ್ಧ ಸತ್ಯ ಇದೆ, ಮೊದಲು ಅದನ್ನೇ ಹೇಳಿಬಿಡುತ್ತೇನೆ.

ಸಂಬಳ ತಿಂಗಳಿಗೆ 21 ಸಾವಿರದೊಳಗೆ ಇದ್ದು ಇಎಸ್‌ಐ (ನೌಕರರ ರಾಜ್ಯ ವಿಮೆ) ಇದ್ದರೆ, ಹೆರಿಗೆ ರಜೆಯ ಹಣ ಮಾಲೀಕರ ಜೇಬಿನಿಂದ ಹೋಗುವುದಿಲ್ಲ, ಇಎಸ್‌ಐ ನಿಗಮ ಕೊಡುತ್ತದೆ. ಹತ್ತು ಜನಕ್ಕಿಂತ ಜಾಸ್ತಿ ಇರುವ ನಿಮ್ಮಂಥ ಘಟಕಕ್ಕೂ ಇದು ಅನ್ವಯ. ಮಾಲೀಕರ ವಂತಿಗೆ ಸಂಬಳದ ಶೇ. 3.25, ನೌಕರರದು ಶೇ. 0.75. ಅದು ಗಂಡಸರ ಸಂಬಳದಿಂದಲೂ ಹೋಗುತ್ತದೆ. ಹಾಗಾಗಿ ಒಬ್ಬ ಹೆಂಗಸನ್ನು ತೆಗೆದುಕೊಂಡಿದ್ದಕ್ಕೆ ಹೆಚ್ಚಿನ ಖರ್ಚು ಅಂತ ಬರುವುದೇ ಇಲ್ಲ. ಕಷ್ಟ ಇರುವುದು 21 ಸಾವಿರ ದಾಟಿದವರಲ್ಲಿ. ಅಲ್ಲಿ ಪೂರ್ತಿ 26 ವಾರದ ಸಂಬಳ ಒಬ್ಬ ಮಾಲೀಕನ ಮೇಲೆಯೇ ಬೀಳುತ್ತದೆ. ಹೀಗೆ ಆಗಬಾರದು, ಸಾಮಾಜಿಕ ವಿಮೆ ಅಥವಾ ಸಾರ್ವಜನಿಕ ನಿಧಿಯಿಂದ ಕೊಡಬೇಕು ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 183ನೇ ಒಪ್ಪಂದ 2000ದಲ್ಲೇ ಹೇಳಿದೆ. ನಾವು ಅದಕ್ಕೆ ಸಹಿ ಹಾಕಿಲ್ಲ. ಇದು ಬದಲಾಗಬೇಕು, ಅದಕ್ಕೆ ಮಾಲೀಕರ ಸಂಘಗಳೂ ಸರ್ಕಾರವನ್ನು ಕೇಳಬೇಕು. ಅಲ್ಲಿ ಕೇಳುವುದನ್ನು ಬಿಟ್ಟು ಸಂದರ್ಶನಕ್ಕೆ ಬಂದ ಹೆಂಗಸಿನ ಮೇಲೆ ಆ ಹೊರೆ ಇಳಿಸುವುದು ನ್ಯಾಯ ಅಲ್ಲ. ಮತ್ತೆ, ಈ ಮೇಡಂ ಮಗುಗೆ ಎರಡೂವರೆ ವರ್ಷ. ಆ ಹೆರಿಗೆಯ ರಜೆ ಯಾರ ಲೆಕ್ಕದಲ್ಲೂ ಬರುವುದಿಲ್ಲ. ಇನ್ನೂ ಹುಟ್ಟದ, ಹುಟ್ಟುತ್ತದೋ ಇಲ್ಲವೋ ಗೊತ್ತಿಲ್ಲದ ಮಗುವಿಗಾಗಿ ಅವರಿಗೆ ಇವತ್ತು ಕೆಲಸ ಇಲ್ಲ.

ಈಗ ಕಾನೂನು. 1961ರ ಹೆರಿಗೆ ಸೌಲಭ್ಯ ಕಾಯ್ದೆ ಕೆಲಸದಲ್ಲಿ ಇರುವವರನ್ನು ಕಾಯುತ್ತಿತ್ತು. ರಜೆಯಲ್ಲಿದ್ದಾಗ ತೆಗೆದುಹಾಕುವಂತಿಲ್ಲ, 50 ಜನ ಇದ್ದರೆ ಶಿಶುಪಾಲನಾ ಕೊಠಡಿ ಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಬಹುದು. ಈಗ ಇವೆಲ್ಲ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿವೆ. ಆದರೆ ಬಾಗಿಲ ಹೊರಗೆ ನಿಂತವಳಿಗೆ ಇದರಲ್ಲಿ ಏನೂ ಇಲ್ಲ. ಅವಳ ಪಾಲಿಗೆ ಇರುವುದು ಇನ್ನೊಂದು ಕಾನೂನು. 1976ರ ಸಮಾನ ವೇತನ ಕಾಯ್ದೆಯ 5ನೇ ಸೆಕ್ಷನ್, ನೇಮಕಾತಿಯಲ್ಲಿ ಹೆಣ್ಣು ಅನ್ನುವ ಕಾರಣಕ್ಕೆ ತಾರತಮ್ಯ ಮಾಡಬಾರದು ಅಂತ ಹೇಳಿತ್ತು. 2019ರ ವೇತನ ಸಂಹಿತೆಯ 3ನೇ ಸೆಕ್ಷನ್‌ನಲ್ಲಿ ಅದೇ ಮಾತು ಮುಂದುವರಿದಿದೆ. ಖಾಸಗಿ ಕಂಪನಿಗೂ ಅನ್ವಯ. ದಂಡ ಮಾತ್ರ ಮೊದಲ ಸಲಕ್ಕೆ ಹೆಚ್ಚೆಂದರೆ 20 ಸಾವಿರ. ಒಂದು ಮಧ್ಯಮ ಕಂಪನಿಗೆ ಅದು ಏನೂ ಅಲ್ಲ.

ಅವರು ಕೊಡುವ ಉತ್ತರ ಯಾವಾಗಲೂ ಒಂದೇ. "ನಮ್ಮಲ್ಲಿ ಅರ್ಧಕ್ಕರ್ಧ ಹೆಂಗಸರೇ ಇದ್ದಾರೆ, ನಾವೆಲ್ಲಿ ತಾರತಮ್ಯ ಮಾಡಿದೆವು?" ಇದೇ ವಾದವನ್ನು ಅಮೆರಿಕದ ಮಾರ್ಟಿನ್ ಮರಿಯೆಟಾ ಕಂಪನಿ ಮಾಡಿತ್ತು. ಫ್ಲಾರಿಡಾದ ಐಡಾ ಫಿಲಿಪ್ಸ್ ಅನ್ನುವ ತಾಯಿ 1966ರಲ್ಲಿ ಅಲ್ಲಿ ಕೆಲಸಕ್ಕೆ ಅರ್ಜಿ ಹಾಕಿದರು. ಶಾಲೆಗೆ ಹೋಗದ ವಯಸ್ಸಿನ ಮಕ್ಕಳಿರುವ ಹೆಂಗಸರನ್ನು ತೆಗೆದುಕೊಳ್ಳುವುದಿಲ್ಲ ಅಂತ ನೇರವಾಗಿಯೇ ಹೇಳಿ ಕಳಿಸಿದರು. ಅದೇ ವಯಸ್ಸಿನ ಮಕ್ಕಳಿರುವ ಗಂಡಸರು ಅಲ್ಲಿ ಕೆಲಸದಲ್ಲಿದ್ದರು. ಆ ಹುದ್ದೆಗೆ ಸೇರಿಸಿಕೊಂಡವರಲ್ಲಿ ನೂರಕ್ಕೆ 75ರಿಂದ 80 ಜನ ಹೆಂಗಸರೇ ಅಂತ ಕಂಪನಿ ಹೇಳಿತು. 1971ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಚಿಕ್ಕ ಮಕ್ಕಳಿರುವ ಹೆಂಗಸರಿಗೆ ಒಂದು ನಿಯಮ, ಚಿಕ್ಕ ಮಕ್ಕಳಿರುವ ಗಂಡಸರಿಗೆ ಇನ್ನೊಂದು ನಿಯಮ ಇಡುವಂತಿಲ್ಲ ಅಂತ ಹೇಳಿತು. ಅದು ನಮ್ಮ ಕೋರ್ಟನ್ನು ಕಟ್ಟಿಹಾಕುವ ತೀರ್ಪಲ್ಲ, ಆದರೆ ನಿಮ್ಮ ಗಂಡನ ಉದಾಹರಣೆ ಎಷ್ಟು ಮುಖ್ಯ ಅಂತ ಅದರಿಂದ ಗೊತ್ತಾಗುತ್ತದೆ.

ನಮ್ಮಲ್ಲೂ ಹೆಂಗಸರು ಹೋರಾಡಿಯೇ ಇಷ್ಟು ದೂರ ಬಂದಿದ್ದಾರೆ. ನಮ್ಮ ಕೊಡಗಿನ ಸಿ.ಬಿ. ಮುತ್ತಮ್ಮ ವಿದೇಶಾಂಗ ಸೇವೆಯಲ್ಲಿದ್ದಾಗ, ಹೆಣ್ಣು ಅಧಿಕಾರಿ ಮದುವೆಗೆ ಸರ್ಕಾರದ ಅನುಮತಿ ಕೇಳಬೇಕು, ಸಂಸಾರದಿಂದ ಕೆಲಸಕ್ಕೆ ಅಡ್ಡಿಯಾಗುತ್ತದೆ ಅನ್ನಿಸಿದರೆ ರಾಜೀನಾಮೆ ಕೊಡಿಸಬಹುದು ಅನ್ನುವ ನಿಯಮ ಇತ್ತು. ಅವರು ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು, ಸಂಸಾರದ ಚಿಂತೆ ಕೆಲಸಕ್ಕೆ ಅಡ್ಡಿ ಅನ್ನುವುದಾದರೆ ಗಂಡಸಿಗೂ ಅದೇ ಅನ್ವಯ ಆಗಬೇಕಲ್ಲ ಅಂತ ಕೇಳಿದರು. ನಿಮ್ಮನ್ನು ಎಚ್‌ಆರ್ ಕೇಳಿದ ಪ್ರಶ್ನೆಗೆ ಉತ್ತರ ಆಗಲೇ ಸಿಕ್ಕಿತ್ತು.

ಇನ್ನೊಂದು, ಮುಚ್ಚಿಡುವ ವಿಷಯಕ್ಕೆ ಹತ್ತಿರದ್ದು. ಎಲ್‌ಐಸಿಗೆ ಸೇರಿದ ನೀರಾ ಮಾಥುರ್ ಅವರಿಗೆ ಸೇರುವಾಗ ಕೊಟ್ಟ ಫಾರಂನಲ್ಲಿ ಮುಟ್ಟಿನ ದಿನಾಂಕ, ಎಷ್ಟು ಸಲ ಬಸುರಿಯಾಗಿದ್ದೀರಿ ಅಂತೆಲ್ಲ ಕಾಲಂ ಇದ್ದವು. ಹೆರಿಗೆಗೆ ರಜೆ ಹಾಕಿದ ಮೇಲೆ, ಫಾರಂನಲ್ಲಿ ಸುಳ್ಳು ಬರೆದಿದ್ದೀರಿ ಅಂತ ಕೆಲಸದಿಂದ ತೆಗೆದರು. 1991ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ವಾಪಸ್ ತೆಗೆದುಕೊಳ್ಳಲು ಹೇಳಿ, ಆ ಕಾಲಂಗಳನ್ನೇ ತೆಗೆದುಹಾಕಿ ಅಂದಿತು. ಅವರು ಗೆದ್ದರು, ಆದರೆ ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. ಅದಕ್ಕೇ ನಾನು ಹೇಳುವುದು, ಬರವಣಿಗೆಯಲ್ಲಿ ಸುಳ್ಳು ಬೇಡ. ಕೇಳದ್ದನ್ನು ಹೇಳಬೇಕಿಲ್ಲ, ಅಷ್ಟೇ. ಸಂದರ್ಶನದಲ್ಲಿ ಇಂಥ ಪ್ರಶ್ನೆ ಕೇಳಬಾರದು ಅಂತ ನೇರವಾಗಿ ಹೇಳುವ ಸಾಲು ನಮ್ಮ ಕಾನೂನಿನಲ್ಲಿ ಇಲ್ಲ. ನನ್ನ ಪ್ರಕಾರ ಮೊದಲು ಬರಬೇಕಾದ ಸಾಲು ಅದು.


ಪೀಣ್ಯ2ನೇಹಂತ:

ಅಕ್ಕ, ನೀವೆಲ್ಲ ಆಫೀಸ್ ಕೆಲಸದ ಬಗ್ಗೆ ಮಾತಾಡುತ್ತಿದ್ದೀರಿ. ಗಾರ್ಮೆಂಟ್ಸ್ ಬಗ್ಗೆಯೂ ಒಂದೆರಡು ಮಾತು. ನಮ್ಮಮ್ಮ ಟೈಲರ್ ಆಗಿದ್ದವರು, ನಾನು ಈಗ ಕಾರ್ಮಿಕ ಸಂಘದ ಕೆಲಸದಲ್ಲಿದ್ದೇನೆ.

ಇಲ್ಲಿ ಗೇಟಿನಲ್ಲೇ ಕೇಳುತ್ತಾರೆ. ಸಿಂಗಲ್ ನೀಡಲ್ ಮಷೀನಿನಲ್ಲಿ ಕೂರಿಸಿ ಒಂದು ಕಾಲರೋ ಕಫ್ಫೋ ಹೊಲಿಸಿ ಕೈ ನೋಡುತ್ತಾರೆ, ಅದು ಸರಿ. ಅದಾದ ಮೇಲೆ ಮಗು ಎಷ್ಟು ದೊಡ್ಡದು, ಹಾಲು ಬಿಡಿಸಿದ್ದೀಯಾ ಅಂತ ಸೂಪರ್‌ವೈಸರ್ ಕೇಳುತ್ತಾನೆ, ಸುತ್ತ ಹತ್ತು ಜನ ನಿಂತಿರುತ್ತಾರೆ. ಮಗು ಊರಲ್ಲಿ ಅಜ್ಜಿ ಹತ್ತಿರ ಇದೆ ಅಂದರೆ ತಕ್ಷಣ ಸೇರಿಸಿಕೊಳ್ಳುತ್ತಾರೆ. ಹಾಗಾಗಿ ಮಗು ಕಂಕುಳಲ್ಲಿ ಇರುವವರೂ ಊರಲ್ಲಿದೆ ಅಂತಲೇ ಹೇಳುತ್ತಾರೆ, ಎಷ್ಟೋ ಜನ ನಿಜವಾಗಿಯೂ ಕಳಿಸಿಬಿಡುತ್ತಾರೆ. ಹಾಲು ಕುಡಿಯುವ ಮಗುವನ್ನು ಮಂಡ್ಯಕ್ಕೋ ಕುಣಿಗಲ್ಲಿಗೋ ಕಳಿಸಿ ವಾರಕ್ಕೊಮ್ಮೆ ನೋಡಿಬರುವ ತಾಯಂದಿರು ನಮ್ಮ ಲೈನಿನಲ್ಲೇ ಇದ್ದಾರೆ. ಹಳೆಯ ಕಾರ್ಖಾನೆ ಕಾಯ್ದೆಯಲ್ಲಿ 30ಕ್ಕಿಂತ ಜಾಸ್ತಿ ಹೆಂಗಸರಿದ್ದರೆ ಮಕ್ಕಳ ಕೋಣೆ ಕಡ್ಡಾಯ ಅಂತ ಇತ್ತು. ಕೋಣೆ ಇರುವುದು ಬೇರೆ, ಅಲ್ಲಿ ಆಯಾ ಇದ್ದು ಆರು ತಿಂಗಳ ಮಗುವನ್ನು ತೆಗೆದುಕೊಳ್ಳುವುದು ಬೇರೆ. ಹಳ್ಳಿಗಳಲ್ಲಿ ನರೇಗಾ ಕೂಲಿಗೆ ಹೋಗುವವರ ಮಕ್ಕಳನ್ನು ನೋಡಿಕೊಳ್ಳಲು ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ಶುರು ಮಾಡಿದರು, ಒಳ್ಳೆಯ ಕೆಲಸ. ಕೈಗಾರಿಕಾ ಪ್ರದೇಶಗಳಲ್ಲೂ ಅಂಥದ್ದು ಶಿಫ್ಟಿನ ಹೊತ್ತಿಗೆ ತೆರೆದಿರಬೇಕು. ಅಂಗನವಾಡಿ ಸಂಜೆ ನಾಲ್ಕಕ್ಕೆ ಮುಚ್ಚಿದರೆ ಐದೂವರೆಗೆ ಬಿಡುವ ಅಮ್ಮ ಏನು ಮಾಡಬೇಕು?

ಇನ್ನೊಂದು ಮೋಸ ಇದೆ, ಎಲ್ಲರೂ ತಿಳಿದಿರಲಿ. ಹೆರಿಗೆಗೆ ಹೋಗುವಾಗ ರಾಜೀನಾಮೆ ಬರೆಸಿಕೊಂಡು, ವಾಪಸ್ ಬಂದಾಗ ಹೊಸಬರು ಅಂತ ಸೇರಿಸಿಕೊಳ್ಳುತ್ತಾರೆ. ಕೆಲಸ ಸಿಕ್ಕಿತಲ್ಲ ಅಂತ ಇವರು ಸುಮ್ನಿರುತ್ತಾರೆ. ಆದರೆ ಹಳೆಯ ಸರ್ವಿಸ್ ಹೋಯಿತು. ಕಾಯಂ ನೌಕರರಿಗೆ ಐದು ವರ್ಷ ತುಂಬದೆ ಗ್ರ್ಯಾಚುಟಿ ಇಲ್ಲ ಅಂತ ಇರುವಾಗ, ನಾಲ್ಕು ವರ್ಷ ದುಡಿದವಳು ಮತ್ತೆ ಒಂದರಿಂದ ಎಣಿಸಬೇಕು. ಗ್ರ್ಯಾಚುಟಿ ಲೆಕ್ಕಕ್ಕೆ ಹೆರಿಗೆ ರಜೆಯೂ ಸರ್ವಿಸ್ಸೇ ಅಂತ ಕಾನೂನಿನಲ್ಲೇ ಇದೆ. ಯಾರೂ ಆ ಕಾಗದಕ್ಕೆ ಸಹಿ ಹಾಕಬೇಡಿ.


ಲೆಕ್ಕದಪುಸ್ತಕ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪೀಣ್ಯದ ತಂಗಿ ಬರೆದದ್ದು ಓದಿ ಬಹಳ ಹೊತ್ತು ಏನೂ ಬರೆಯಲು ಆಗಲಿಲ್ಲ.

ತುಮಕೂರಿನ ಸರ್‌ಗೆ ಒಂದು ಮಾತು. ನಿಮ್ಮ ಕಷ್ಟ ನನಗೆ ಅರ್ಥ ಆಗುತ್ತದೆ, ನಾನು ಲೆಕ್ಕ ನೋಡುವವಳೇ. ಆದರೆ ಅಕೌಂಟ್ಸ್‌ನಲ್ಲಿ ಗಂಡಸರೂ ಬಿಟ್ಟು ಹೋಗುತ್ತಾರೆ, ಮಾರ್ಚ್ ತಿಂಗಳಲ್ಲೇ ನೋಟಿಸ್ ಕೊಟ್ಟು ಹೋಗುವವರನ್ನು ನಾನೇ ನೋಡಿದ್ದೇನೆ. ಅದರ ನಷ್ಟವನ್ನು ಯಾರೂ ಸಂದರ್ಶನದಲ್ಲಿ ಮುಂಚೆಯೇ ಎಣಿಸುವುದಿಲ್ಲ. ಹೆರಿಗೆ ರಜೆಗೆ ಹೋಗುವವಳು ವಾಪಸ್ ಬರುತ್ತಾಳೆ, ಕೆಲಸ ಗೊತ್ತಿದ್ದೇ ಬರುತ್ತಾಳೆ.

ಕರಿಕೋಟು ಮೇಡಂ, ನನ್ನ ಹತ್ತಿರ ಇರುವುದು ಆ ಮೇಲ್, ಸಂದರ್ಶನಕ್ಕೆ ಕರೆದ ಮೇಲ್, ಅಷ್ಟೇ. ರೆಕಾರ್ಡ್ ಏನೂ ಇಲ್ಲ. ಇಷ್ಟರಲ್ಲಿ ದೂರು ಕೊಡಬಹುದಾ?


ತುಮಕೂರುವರ್ಕ್‌ಶಾಪ್:

ನೀವು ಹೇಳಿದ್ದು ಒಪ್ಪಿದೆ ತಾಯಿ. ಸಂಬಳದ ಖರ್ಚನ್ನು ವಿಮೆಯೋ ನಿಧಿಯೋ ಹೊತ್ತುಕೊಳ್ಳುವ ಹಾಗೆ ಆದರೆ ನಮ್ಮಂಥವರಿಗೆ ಮಗು ವಿಷಯ ಕೇಳುವ ಅಗತ್ಯವೇ ಬರುವುದಿಲ್ಲ. ನಮ್ಮ ಸಣ್ಣ ಕೈಗಾರಿಕೆಗಳ ಸಂಘದ ಸಭೆಯಲ್ಲಿ ಈ ವಿಷಯ ಎತ್ತುತ್ತೇನೆ.


ಕರಿಕೋಟು:

ಕೊಡಬಹುದು. ಗೆಲ್ಲುವುದು ಸುಲಭ ಅಂತ ಮಾತ್ರ ಹೇಳಲಾರೆ. ಸಾಕ್ಷಿ ಕಡಿಮೆ ಇದೆ.

ಇವತ್ತೇ ಮಾಡಬೇಕಾದದ್ದು ಹೇಳುತ್ತೇನೆ. ಜಾಹೀರಾತು ಇನ್ನೂ ಇದೆ ಅಂದಿರಲ್ಲ, ದಿನಾಂಕ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಡಿ. ಹುದ್ದೆ ತಡೆಹಿಡಿದಿದ್ದೇವೆ ಅನ್ನುವ ಮೇಲ್ ಪಕ್ಕದಲ್ಲಿ ಅದನ್ನಿಟ್ಟರೆ ಅದೇ ಒಂದು ಸಾಕ್ಷಿ. ಎಚ್‌ಆರ್ ಕೇಳಿದ ಪ್ರಶ್ನೆಗಳನ್ನು ನೆನಪಿರುವಾಗಲೇ ಅವರ ಮಾತಿನಲ್ಲೇ ಬರೆದಿಡಿ, ಯಾರು ಇದ್ದರು, ಎಷ್ಟು ಹೊತ್ತಿಗೆ ಅಂತ. ಆಮೇಲೆ ಕಂಪನಿಗೆ ಒಂದು ಸೌಮ್ಯವಾದ ಮೇಲ್ ಹಾಕಿ: "ಹುದ್ದೆ ಇನ್ನೂ ಜಾಹೀರಾತಿನಲ್ಲಿದೆ, ನನ್ನ ಅರ್ಜಿ ಪರಿಗಣನೆಯಲ್ಲಿದೆಯೇ? ಎರಡನೇ ಸುತ್ತಿನಲ್ಲಿ ನನ್ನ ಮಗುವಿನ ವಯಸ್ಸು ಮತ್ತು ಮುಂದಿನ ಮಗುವಿನ ಬಗ್ಗೆ ಕೇಳಿದ್ದಿರಿ, ಅದು ಈ ನಿರ್ಧಾರಕ್ಕೆ ಕಾರಣವೇ?" ಅವರು ಉತ್ತರ ಕೊಟ್ಟರೂ ಕಾಗದ, ಕೊಡದಿದ್ದರೂ ನೀವು ಕೇಳಿದ್ದಕ್ಕೆ ಕಾಗದ. ಮುಂದಿನ ಸಂದರ್ಶನಗಳಲ್ಲೂ ಇಂಥ ಪ್ರಶ್ನೆ ಬಂದರೆ ಅದೇ ದಿನ ಧನ್ಯವಾದದ ಮೇಲ್‌ನಲ್ಲಿ "ಮಗುವಿನ ಆರೈಕೆ ಬಗ್ಗೆ ನೀವು ಕೇಳಿದ್ದಕ್ಕೆ" ಅಂತ ಒಂದು ಸಾಲು ಸೇರಿಸಿ ಕಳಿಸಿ.

ದೂರನ್ನು ಕಂಪನಿ ಇರುವ ಪ್ರದೇಶದ ಕಾರ್ಮಿಕ ಅಧಿಕಾರಿಗೆ ಕೊಡಿ, ವೇತನ ಸಂಹಿತೆಯ 3ನೇ ಸೆಕ್ಷನ್ ಅಂತ ನಮೂದಿಸಿ. ಒಂದು ಪ್ರತಿ ರಾಜ್ಯ ಮಹಿಳಾ ಆಯೋಗಕ್ಕೆ. ಸ್ವೀಕೃತಿ ಕೇಳಿ ಪಡೆಯಿರಿ. ದೂರು ಕೊಟ್ಟು ಏನಾಗುತ್ತದೆ ಅನ್ನುವವರಿಗೆ ಎರಡು ಉದಾಹರಣೆ. 2022ರ ಜನವರಿಯಲ್ಲಿ ಎಸ್‌ಬಿಐ, ಮೂರು ತಿಂಗಳು ದಾಟಿದ ಬಸುರಿಯರು ಸದ್ಯಕ್ಕೆ ಕೆಲಸಕ್ಕೆ ಸೇರಲು ಅನರ್ಹರು ಅಂತ ನಿಯಮ ತಂದಾಗ ದೆಹಲಿ ಮಹಿಳಾ ಆಯೋಗ ನೋಟಿಸ್ ಕೊಟ್ಟಿತು, ಎಲ್ಲ ಕಡೆ ವಿರೋಧ ಬಂತು, ಬ್ಯಾಂಕ್ ಅದೇ ತಿಂಗಳು ಅದನ್ನು ಕೈಬಿಟ್ಟಿತು. 2024ರಲ್ಲಿ ಶ್ರೀಪೆರಂಬುದೂರಿನ ಐಫೋನ್ ಘಟಕದಲ್ಲಿ ಮದುವೆಯಾದ ಹೆಂಗಸರನ್ನು ದೂರ ಇಡುತ್ತಿದ್ದಾರೆ ಅಂತ ರಾಯಿಟರ್ಸ್ ಸುದ್ದಿಸಂಸ್ಥೆ ವರದಿ ಮಾಡಿದಾಗ ಆ ಘಟಕ ನಡೆಸುವ ಫಾಕ್ಸ್‌ಕಾನ್ ಅದನ್ನು ಅಲ್ಲಗಳೆಯಿತು, ಆದರೂ ಕೇಂದ್ರ ಕಾರ್ಮಿಕ ಸಚಿವಾಲಯ 1976ರ ಕಾಯ್ದೆಯ 5ನೇ ಸೆಕ್ಷನ್ ಹೆಸರು ಹೇಳಿಯೇ ತಮಿಳುನಾಡಿನಿಂದ ವರದಿ ಕೇಳಿತು. ಎರಡೂ ಕಡೆ ಯಾರೋ ಮೊದಲು ಬಾಯಿ ಬಿಟ್ಟಿದ್ದರು.

ದೂರು ಬರೆಯುವಾಗ ಸಹಾಯ ಬೇಕಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ ಆದಾಯದ ಮಿತಿ ಇಲ್ಲದೆ ಅಲ್ಲಿ ಉಚಿತ ವಕೀಲರು ಸಿಗುತ್ತಾರೆ. ಕೆಲಸ ಹುಡುಕುವುದನ್ನು ಮಾತ್ರ ಈ ದೂರಿಗಾಗಿ ನಿಲ್ಲಿಸಬೇಡಿ, ಎರಡೂ ಜೊತೆಜೊತೆಗೆ ನಡೆಯಲಿ.